ಒಮ್ಮೆ ತೀರಿಸಿದ ಕಾರ್ಡಿನ ಸಾಲ ಮತ್ತೆ ಬೆಳೆದದ್ದು ಹೇಗೆ?

ಮೈಸೂರಿನ ಖಾಸಗಿ ನೌಕರ, ನವೆಂಬರ್

ಎಲ್ಲರಿಗೂ ನಮಸ್ಕಾರ. ಸಂಸಾರದ ಸಾಲದ ವಿಷಯವನ್ನು ನಾಲ್ಕು ಜನರ ಮುಂದೆ ಇಡಲು ಇಷ್ಟು ದಿನ ಸಂಕೋಚವಾಗಿತ್ತು. ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂಬುದು ನನಗೇ ಗೊತ್ತಾಗದಿರುವುದರಿಂದ ಈಗ ಬರೆಯುತ್ತಿದ್ದೇನೆ.

ಕಳೆದ ವರ್ಷದ ಮೇ ತಿಂಗಳಿನಲ್ಲಿ, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಬೇಕೆಂದು ಬ್ಯಾಂಕಿನಿಂದ ಶೇ. 15ರ ಬಡ್ಡಿಗೆ 3,00,000 ರೂಪಾಯಿ ವೈಯಕ್ತಿಕ ಸಾಲ ಪಡೆದೆ. 48 ತಿಂಗಳ ಅವಧಿ, ಕಂತು 8,349 ರೂ. 18 ಕಂತುಗಳನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದೇನೆ, ಇನ್ನು ಸುಮಾರು 2,08,000 ಬಾಕಿಯಿದೆ. ಅಂದು ಸೊನ್ನೆಗೆ ಇಳಿದಿದ್ದ ಕಾರ್ಡು ಇಂದು ಮತ್ತೆ 1,38,000ಕ್ಕೆ ಏರಿದೆ. ಇದರ ಜೊತೆಗೆ ಮೊಬೈಲ್ ಫೋನಿನ ಕಂತು ತಿಂಗಳಿಗೆ 2,600ರಂತೆ ಇನ್ನೂ ಐದು ತಿಂಗಳಿದೆ. ಅಕ್ಕನ ಗಂಡ, ಅಂದರೆ ನಮ್ಮ ಭಾವನವರಿಂದ, ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕಕ್ಕೆಂದು ಪಡೆದ 60,000 ಕೈಸಾಲವಿದೆ. ಅದಕ್ಕೆ ಬಡ್ಡಿಯಿಲ್ಲ, ಆದರೆ ಅವರ ಮನೆಗೆ ಹೋಗುವುದನ್ನೇ ನಾನು ಕಡಿಮೆ ಮಾಡಿಬಿಟ್ಟಿದ್ದೇನೆ.

ನನ್ನ ಸಂಬಳ ಕೈಗೆ 46,000, ಪತ್ನಿಗೆ ಹೊಲಿಗೆಯಿಂದ ಸರಾಸರಿ 6,000, ಒಟ್ಟು 52,000. ಬಾಡಿಗೆ 11,000, ಬ್ಯಾಂಕ್ ಕಂತು 8,349, ಕಾರ್ಡಿಗೆ ಕನಿಷ್ಠ ಮೊತ್ತವೆಂದು 6,900, ಫೋನಿನ ಕಂತು 2,600, ದಿನಸಿ ಮತ್ತು ಹಾಲು 9,500, ಶಾಲೆಯ ವ್ಯಾನು 1,800, ಗ್ಯಾಸು ಮತ್ತು ನೀರು 1,500, ಪೆಟ್ರೋಲು 3,000, ಮೊಬೈಲ್, ಇಂಟರ್ನೆಟ್, ಟಿ.ವಿ. ಸೇರಿ 1,300, ಊರಿನಲ್ಲಿರುವ ತಂದೆತಾಯಿಯ ಔಷಧಕ್ಕೆ 3,000. ಗೃಹಜ್ಯೋತಿ ಇರುವುದರಿಂದ ವಿದ್ಯುತ್ ಬಿಲ್ಲು ಬರುತ್ತಿಲ್ಲ. ಪಡಿತರ ಚೀಟಿ ತಾಯಿಯ ಹೆಸರಿನಲ್ಲಿದ್ದು, ಗೃಹಲಕ್ಷ್ಮಿಯ ಹಣ ಅವರಿಗೇ ಹೋಗುತ್ತದೆ. ಇವನ್ನೆಲ್ಲ ಕೂಡಿದರೆ 48,949 ಆಗುತ್ತದೆ, ಅಂದರೆ ಕಾಗದದ ಮೇಲೆ 3,051 ರೂಪಾಯಿ ಉಳಿಯಬೇಕು. ಆದರೆ 20ನೇ ತಾರೀಖಿನ ಹೊತ್ತಿಗೆ ಖಾತೆ ಬರಿದಾಗಿರುತ್ತದೆ. ನಮಗೆ ಕುಡಿತವಿಲ್ಲ, ಜೂಜಿಲ್ಲ, ಹೋಟೆಲ್ ಊಟ ತಿಂಗಳಿಗೊಮ್ಮೆ. ಹಾಗಾದರೆ ಹಣ ಹೋಗುತ್ತಿರುವುದು ಎಲ್ಲಿಗೆ?

ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರ

ನಿಮ್ಮ ಪ್ರಶ್ನೆಗೆ ಎರಡು ಭಾಗಗಳಿವೆ, ನನಗೆ ಗೊತ್ತಿರುವ ಭಾಗವನ್ನು ಹೇಳುತ್ತೇನೆ. ಕಾರ್ಡಿನ ತಿಂಗಳ ವಿವರ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಇದನ್ನು ಓದಿ. ಬಡ್ಡಿಯ ದರ ತಿಂಗಳಿಗೆ ಶೇ. 3.5 ಎಂದಿರಬಹುದು, ಬಹುಪಾಲು ಕಾರ್ಡುಗಳಲ್ಲಿ ಅದರ ಆಸುಪಾಸಿನಲ್ಲೇ ಇರುತ್ತದೆ. 1,38,000ಕ್ಕೆ ತಿಂಗಳ ಬಡ್ಡಿ 4,830 ರೂ., ಆ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ. 869 ರೂ. ಎರಡೂ ಸೇರಿ 5,699. ನೀವು ಕಟ್ಟುವ 6,900ರಲ್ಲಿ ಅಸಲಿಗೆ ಸಲ್ಲುವುದು ಕೇವಲ 1,201 ರೂ. ತಿಂಗಳಿಡೀ ದುಡಿದು ಕಟ್ಟಿದ ಹಣದಲ್ಲಿ ಆರರಲ್ಲಿ ಐದು ಪಾಲು ಬಡ್ಡಿಗೇ ಕರಗಿಹೋಗುತ್ತಿದೆ. ಬಾಕಿ ಉಳಿಸಿಕೊಂಡಿರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ. ಇಂದು ಕಾರ್ಡಿನಲ್ಲಿ ಕೊಂಡ 400 ರೂಪಾಯಿಯ ತರಕಾರಿಗೂ ಇಂದಿನಿಂದಲೇ ಬಡ್ಡಿ ಓಡುತ್ತದೆ.

ಆದ್ದರಿಂದ ಮೊದಲು ಬ್ಯಾಂಕಿಗೆ ಕರೆ ಮಾಡಿ, ಇಡೀ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಲು ಯಾವ ದರಕ್ಕೆ ಒಪ್ಪುತ್ತಾರೆಂದು ಕೇಳಿ. ತಿಂಗಳಿಗೆ ಶೇ. 1.5ರ ದರ ಸಿಕ್ಕರೆ, 24 ತಿಂಗಳ ಕಂತು 6,889 ರೂ. ಆಗುತ್ತದೆ. ನೀವು ಈಗ ಕನಿಷ್ಠ ಮೊತ್ತವೆಂದು ಕಟ್ಟುತ್ತಿರುವುದು 6,900! ಇಲ್ಲಿಯೂ ಬಡ್ಡಿಯ ಭಾಗಕ್ಕೆ ಜಿ.ಎಸ್.ಟಿ. ಇದೆ, ಮೊದಲ ತಿಂಗಳು ಸುಮಾರು 370 ರೂ., ಮುಂದೆ ಇಳಿಯುತ್ತಾ ಹೋಗುತ್ತದೆ. ಪರಿವರ್ತನೆಯ ಶುಲ್ಕವನ್ನೂ, ಮಧ್ಯದಲ್ಲೇ ತೀರಿಸಿದರೆ ತಗಲುವ ಶುಲ್ಕವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಎರಡು ವರ್ಷದಲ್ಲಿ ಸಾಲ ಮುಗಿಯುವುದಾದರೆ ಇದನ್ನು ಮುಂದೂಡಲು ಯಾವ ಕಾರಣವೂ ಇಲ್ಲ.

ಇನ್ನೊಂದು ಎಚ್ಚರಿಕೆ. ಯಾರಾದರೂ ಕರೆ ಮಾಡಿ, ಬಾಕಿಯಲ್ಲಿ ಅರ್ಧ ಕಟ್ಟಿ 'ಸೆಟಲ್‌ಮೆಂಟ್' ಮಾಡಿಕೊಳ್ಳಿ ಎಂದರೆ ಅವಸರಪಡಬೇಡಿ. ಸಾಲದ ಇತಿಹಾಸದ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ದಾಖಲಾಗುವುದಿಲ್ಲ, ಮುಂದೆ ಗೃಹಸಾಲ ಕೇಳುವಾಗ ಅಡ್ಡಬರುತ್ತದೆ. ಆ ವರದಿಯನ್ನು, ಸಾಲದ ಇತಿಹಾಸವನ್ನು ದಾಖಲಿಸುವ ಸಿಬಿಲ್ ಮತ್ತು ಅಂಥವೇ ಉಳಿದ ಮೂರು ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ತರಿಸಿ ನೋಡಿ.

ಹಾಸನದ ಶಿಕ್ಷಕಿ

ಸರ್, ಹಿರಿಯರು ಬಡ್ಡಿಯ ಲೆಕ್ಕವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ನೀವು ಒಮ್ಮೆ ಕಡಿಮೆ ಬಡ್ಡಿಯ ಸಾಲ ತೆಗೆದುಕೊಂಡು ಕಾರ್ಡನ್ನು ತೀರಿಸಿದವರೇ. ಅದೇ ಔಷಧವನ್ನು ಎರಡನೆಯ ಬಾರಿ ತೆಗೆದುಕೊಂಡರೆ ಮೂರನೆಯ ಬಾರಿ ಬೇಕಾಗುವುದಿಲ್ಲವೆಂದು ಹೇಗೆ ನಂಬುವುದು? ನಾನು ಮತ್ತು ನನ್ನ ಯಜಮಾನರು ಇದೇ ಸುಳಿಯಲ್ಲಿ ನಾಲ್ಕು ವರ್ಷ ತಿರುಗಿದವರಾದ್ದರಿಂದ ಇದನ್ನು ಕೇಳುತ್ತಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಎರಡು ವಿಷಯಗಳು ಕಾಣುತ್ತಿಲ್ಲ. ಮೊದಲನೆಯದು ಕೈಯಿಂದ ಜಾರುವ ಚಿಲ್ಲರೆ ಖರ್ಚು. ಕಳೆದ ತಿಂಗಳ ಯು.ಪಿ.ಐ. ಪಾವತಿಗಳ ವಿವರವನ್ನು ಮುದ್ರಿಸಿ, ದಂಪತಿಗಳಿಬ್ಬರೂ ಒಟ್ಟಿಗೆ ಕೂತು, 200 ರೂಪಾಯಿಗಿಂತ ಕಡಿಮೆಯ ಪ್ರತಿಯೊಂದು ಪಾವತಿಗೂ ಗುರುತು ಹಾಕಿ. ಮೊಬೈಲಿನ ಪರದೆಯ ಮೇಲೆ ನೋಡಿದರೆ ಸಾಲದು, ಬೆರಳು ತಾನಾಗಿಯೇ ಮುಂದಕ್ಕೆ ಸರಿಸಿಬಿಡುತ್ತದೆ. ಎರಡನೆಯದು ವರ್ಷಕ್ಕೊಮ್ಮೆ ಬರುವ ಖರ್ಚು. ನಿಮ್ಮ ಲೆಕ್ಕದಲ್ಲಿ ಶಾಲೆಯ ವ್ಯಾನಿದೆ, ಶುಲ್ಕವಿಲ್ಲ. ಪೆಟ್ರೋಲಿದೆ, ಗಾಡಿಯ ಟೈರಿಲ್ಲ. ಹಬ್ಬವಿಲ್ಲ, ಮದುವೆಯ ಮುಯ್ಯಿ ಇಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಳಿಸಿಕೊಂಡು ಜನವರಿಯಿಂದ ಡಿಸೆಂಬರ್‌ವರೆಗೆ ಒಂದೊಂದೇ ಹಾಳೆ ತಿರುವಿ, ಯಾವ ತಿಂಗಳಲ್ಲಿ ಏನು ಬಂದೇ ಬರುತ್ತದೆ ಎಂದು ಬರೆಯಿರಿ. ನಾವು 'ಇದ್ದಕ್ಕಿದ್ದಂತೆ ಬಂದ ಖರ್ಚು' ಎಂದು ಹೇಳಿಕೊಂಡು ಕಾರ್ಡು ತೆಗೆಯುತ್ತಿದ್ದ ಸಂದರ್ಭಗಳಲ್ಲಿ ಹೆಚ್ಚಿನವು ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿದ್ದವು.

ಮೈಸೂರಿನ ಖಾಸಗಿ ನೌಕರ

ಮೇಡಂ, ನೀವು ಹೇಳಿದಂತೆ ಭಾನುವಾರ ಕೂತೆವು. ಅಂಗಡಿಯಲ್ಲಿ ಮುದ್ರಿಸಿ ತಂದ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಮಗಳ ಕೆಂಪು ಪೆನ್ನಿನಿಂದ ಪತ್ನಿ ಗುರುತು ಹಾಕಿದಳು, ನಾನು ಕೂಡುತ್ತಾ ಹೋದೆ. ಒಂದು ತಿಂಗಳಲ್ಲಿ 200 ರೂಪಾಯಿಗಿಂತ ಕಡಿಮೆಯ ಪಾವತಿಗಳು 118, ಒಟ್ಟು 7,340 ರೂ. ಬೇಕರಿಯಲ್ಲಿ ಚಹಾ ಮತ್ತು ಪಫ್ಸ್ 45, ಮಕ್ಕಳಿಗೆ ಕುರುಕಲು 30, ಎಳನೀರು 50, ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪಿನಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆಗೆ ಬೇಡದ ಎರಡು ವಸ್ತು ಸೇರಿ 189. ಯಾವುದೂ ದುಂದುವೆಚ್ಚ ಎನಿಸುವಂಥದ್ದಲ್ಲ. ಗುರುತು ಹಾಕುತ್ತಾ ಹೋದಂತೆ ಇಬ್ಬರಿಗೂ ಮಾತು ನಿಂತುಹೋಯಿತು.

ಅನಂತರ ಕ್ಯಾಲೆಂಡರ್ ಇಳಿಸಿದೆವು. ಇಬ್ಬರು ಮಕ್ಕಳ ಶುಲ್ಕ 36,000, ಪುಸ್ತಕ ಮತ್ತು ಸಮವಸ್ತ್ರ 7,000, ಗಾಡಿಯ ವಿಮೆ 1,800, ಜೀವವಿಮೆಯ ಕಂತು 12,400, ಗೌರಿಗಣೇಶ ಮತ್ತು ದೀಪಾವಳಿಗೆ 9,000, ಊರಿನ ಜಾತ್ರೆಗೆ 4,000, ಮದುವೆ ಮುಂಜಿಗಳ ಮುಯ್ಯಿ 6,000, ಗಾಡಿಯ ಟೈರು ಮತ್ತು ಸರ್ವೀಸು 4,800. ಒಟ್ಟು 81,000, ಅಂದರೆ ತಿಂಗಳಿಗೆ 6,750 ಬೀಳುತ್ತದೆ.

ಹಾಸನದ ಶಿಕ್ಷಕಿ

ನೀವು ಕೇಳಿದ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ. ಉಳಿಯಬೇಕಾದ 3,051ರಲ್ಲಿ 7,340 ಕಳೆದರೆ ತಿಂಗಳಿಗೆ 4,289 ಕೊರತೆ. ಅದಕ್ಕೆ ವರ್ಷದ ಖರ್ಚಿನ ಪಾಲು 6,750 ಸೇರಿಸಿದರೆ 11,039. ಪ್ರತಿ ತಿಂಗಳೂ ಕಾರ್ಡಿನ ಅಸಲಿಗೆ 1,201 ಕಟ್ಟಿ, ಇನ್ನೊಂದು ಬಾಗಿಲಿನಿಂದ 11,000 ಹೊಸ ಸಾಲ ತರುತ್ತಿದ್ದೀರಿ. ಕಾರ್ಡು ಮತ್ತು ಭಾವನವರ ಹಣ ಎರಡೂ ಅಲ್ಲಿಂದಲೇ ಹುಟ್ಟಿದವು.

ಧಾರವಾಡದ ಗೃಹಿಣಿ

ಮನೆಯಲ್ಲಿ ಬಂಗಾರವಿದ್ದರೆ ಅಡವಿಟ್ಟು ಕಾರ್ಡನ್ನು ಒಮ್ಮೆಗೇ ತೀರಿಸಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೂ ಹಾಗೆಯೇ ಹೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಅದು ಸರಿಯೇ: ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 10ರ ದರ ಸಿಕ್ಕರೆ 1,38,000ಕ್ಕೆ ತಿಂಗಳ ಬಡ್ಡಿ 1,150 ಮಾತ್ರ. ಆದರೆ ಅಲ್ಲಿ ತಿಂಗಳ ಕಂತಿನ ಒತ್ತಡವಿರಲಿಲ್ಲ. ವರ್ಷದ ಕೊನೆಗೆ ಅಸಲು ಬಡ್ಡಿ ಎರಡೂ ಒಟ್ಟಿಗೆ ಕಟ್ಟಬೇಕಿತ್ತು. ಕೈಯಲ್ಲಿ ಹಣವಿಲ್ಲದೆ ಬಡ್ಡಿ ಮಾತ್ರ ಕಟ್ಟಿ ನವೀಕರಿಸಿದೆವು. ಹೀಗೆ ಮೂರು ವರ್ಷ ನಡೆಯಿತು, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಅಷ್ಟರಲ್ಲಿ ಖಾಲಿಯಾಗಿದ್ದ ಕಾರ್ಡು ಮತ್ತೆ ತುಂಬಿತು. ತವರಿನಿಂದ ತಂದ ನಾಲ್ಕು ಬಳೆಗಳನ್ನು ಕಡೆಗೆ ಮಾರಿಯೇ ಬಿಡಿಸಿಕೊಳ್ಳಬೇಕಾಯಿತು, ಅಂದರೆ ಬಳೆಗಳು ಮನೆಗೆ ಬರಲಿಲ್ಲ. ಬಂಗಾರ ಇಡುವುದಾದರೆ ತಿಂಗಳ ಕಂತಿನಲ್ಲಿ ಅಸಲು ಇಳಿಯುವ ಏರ್ಪಾಡು ಇದ್ದರೆ ಮಾತ್ರ ಇಡಿ, ಮತ್ತು ಆ ಮಾತನ್ನು ಬಂಗಾರ ಯಾರದೋ ಅವರ ಬಾಯಿಂದಲೇ ಬರಲು ಬಿಡಿ.

ಮೈಸೂರಿನ ಖಾಸಗಿ ನೌಕರ

ಅಮ್ಮಾ, ನಿಮ್ಮ ಮಾತನ್ನು ಪತ್ನಿಗೆ ಓದಿ ಹೇಳಿದೆ. ಅವಳು, "ದಿನದ ಖರ್ಚು ಹಿಡಿತಕ್ಕೆ ಬಂದಮೇಲೆ ಕೇಳಿ, ಕೊಡುತ್ತೇನೆ. ಈಗ ಬೇಡ" ಎಂದಳು. ಅವಳ ಮಾತು ನ್ಯಾಯವಾಗಿದೆ, ಬಂಗಾರದ ವಿಚಾರವನ್ನು ಕೈಬಿಟ್ಟಿದ್ದೇನೆ. ಕಾರ್ಡಿನ ಬ್ಯಾಂಕು ತಿಂಗಳಿಗೆ ಶೇ. 1.5ಕ್ಕೆ ಒಪ್ಪಿದೆ. 24 ತಿಂಗಳಾದರೆ 6,889, 36 ತಿಂಗಳಾದರೆ 4,989. ಬೇಗ ಮುಗಿಸುವ ಆಸೆಯಿಂದ 24 ತಿಂಗಳಿಗೆ ಹೂಂ ಎನ್ನಲು ಹೊರಟಿದ್ದೇನೆ. ಸಹೋದ್ಯೋಗಿಯೊಬ್ಬರು ಚೀಟಿ ಕಟ್ಟಿ ಮೊದಲೇ ಎತ್ತಿಬಿಡು ಎನ್ನುತ್ತಿದ್ದಾರೆ, ಅದರ ಬಗ್ಗೆಯೂ ತಿಳಿಸಿ.

ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರ

ಚೀಟಿಯನ್ನು ಮೊದಲ ತಿಂಗಳುಗಳಲ್ಲಿ ಎತ್ತುವವರು ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟು ಕೂಗಬೇಕಾಗುತ್ತದೆ, ಆ ಬಿಟ್ಟುಕೊಟ್ಟ ಹಣವೇ ಬಡ್ಡಿ. 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಾಯಿಸಿದ ಚೀಟಿಯಲ್ಲೂ ನಡೆಸುವವರಿಗೆ ಶೇ. 7ರವರೆಗೆ ಕಮಿಷನ್ ಇದೆ. ಕೊನೆಯವರೆಗೆ ಕಾಯಬಲ್ಲವರಿಗೆ ಚೀಟಿ ಉಳಿತಾಯವಾದೀತು, ನಿಮಗೆ ಈಗ ಅದು ಐದನೆಯ ಸಾಲ. ಅವಧಿಯ ವಿಷಯದಲ್ಲಿ ನನ್ನ ಅಭಿಪ್ರಾಯ 24 ತಿಂಗಳೇ. 36ಕ್ಕೆ ಹೋದರೆ ಸುಮಾರು 14,300 ಹೆಚ್ಚು ಬಡ್ಡಿ, ಜಿ.ಎಸ್.ಟಿ. ಸೇರಿದರೆ ಹತ್ತಿರ ಹತ್ತಿರ 17,000. ಅಷ್ಟು ಹಣವನ್ನು ಸುಮ್ಮನೆ ಕೊಡುವುದೇಕೆ?

ಹಾಸನದ ಶಿಕ್ಷಕಿ

ಹಿರಿಯರ ಲೆಕ್ಕವನ್ನು ಗೌರವಿಸುತ್ತಲೇ ನಾನು 36 ತಿಂಗಳ ಪರವಾಗಿ ಹೇಳುತ್ತೇನೆ. 24 ತಿಂಗಳ ಕಂತಿನಲ್ಲಿ ಈ ಮನೆಗೆ ಜೂನ್ ತಿಂಗಳ ಶುಲ್ಕಕ್ಕಾಗಿ ಕೂಡಿಡಲು ಜಾಗವೇ ಉಳಿಯುವುದಿಲ್ಲ. ಜೂನಿನಲ್ಲಿ ಮತ್ತೆ ಕಾರ್ಡು ತೆಗೆದರೆ ಆ ಹಣಕ್ಕೆ ತಿಂಗಳಿಗೆ ಶೇ. 3.5. ಬೇಗ ತೀರಿಸುವ ಹಟಕ್ಕೆ ಬಿದ್ದು ಒಂದು ಪೈಸೆಯನ್ನೂ ಕೂಡಿಡದೆ ಕಟ್ಟುತ್ತಾ ಹೋದ ನಾವು, ಮಗನಿಗೆ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದ ಒಂದು ವಾರದಲ್ಲಿ, ಏಳು ತಿಂಗಳು ಕಷ್ಟಪಟ್ಟು ಇಳಿಸಿದ್ದಷ್ಟನ್ನೂ ಮತ್ತೆ ಏರಿಸಿಕೊಂಡೆವು. ಹಳೆಯ ಸಾಲ ಎಷ್ಟು ಬೇಗ ತೀರುತ್ತದೆ ಎಂಬುದಕ್ಕಿಂತ ಹೊಸ ಸಾಲ ಹುಟ್ಟದಿರುವುದು ಮುಖ್ಯವೆಂದು ನಾನು ಕಲಿತದ್ದು ಆ ವಾರದಲ್ಲಿ. ಹೆಚ್ಚಿಗೆ ಕೊಡುವ 17,000ವನ್ನು ಕಾರ್ಡಿನ ಕಡೆಗೆ ತಿರುಗಿ ನೋಡದಿರುವುದಕ್ಕೆ ಕೊಡುವ ಬೆಲೆಯೆಂದು ತಿಳಿಯಿರಿ. ಕೈ ಸಡಿಲವಾದಾಗ ಮುಂಚಿತವಾಗಿ ತೀರಿಸುವ ದಾರಿ ಇದ್ದೇ ಇದೆ.

ಮಾಡಬೇಕಾದದ್ದನ್ನು ನಮ್ಮ ಮನೆಯ ರೀತಿಯಲ್ಲೇ ಹೇಳುತ್ತೇನೆ. ಸಂಬಳ ಬಂದ ದಿನವೇ ವರ್ಷದ ಖರ್ಚಿಗೆಂದು ಎಷ್ಟು ಸಾಧ್ಯವೋ ಅಷ್ಟನ್ನು ಬೇರೆ ಉಳಿತಾಯ ಖಾತೆಗೆ ಹಾಕಿ. ಆ ಖಾತೆಗೆ ಎ.ಟಿ.ಎಂ. ಕಾರ್ಡೂ ಬೇಡ, ಯು.ಪಿ.ಐ. ಜೋಡಣೆಯೂ ಬೇಡ. ನಾವು ಅಂಚೆ ಕಚೇರಿಯಲ್ಲಿ ತೆರೆದಿದ್ದೆವು. ಚಿಲ್ಲರೆ ಖರ್ಚಿಗೆ, ಮೊದಲೇ ಹಣ ತುಂಬಿಟ್ಟು ಸಣ್ಣ ಪಾವತಿ ಮಾಡುವ ಯು.ಪಿ.ಐ. ಲೈಟ್ ಬಳಸಿ. ಅದರಲ್ಲಿ ಒಮ್ಮೆಗೆ 5,000ದವರೆಗೆ ಇಟ್ಟುಕೊಳ್ಳಬಹುದು, ಆದರೆ ನೀವು ಪ್ರತಿ ಸೋಮವಾರ 900 ರೂ. ಮಾತ್ರ ತುಂಬಿ, ತಾನಾಗಿಯೇ ತುಂಬಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿ. ಶುಕ್ರವಾರ ಮುಗಿದರೆ ಸೋಮವಾರದವರೆಗೆ ಮುಗಿಯಿತೆಂದೇ ಅರ್ಥ. ಪ್ರತಿಯೊಂದು ಚಹಾವನ್ನೂ ಬರೆದಿಡುವ ಶಿಸ್ತು ನಮ್ಮಿಂದ ಮೂರು ವಾರಕ್ಕಿಂತ ಹೆಚ್ಚು ನಡೆಯಲಿಲ್ಲ, ವಾರಕ್ಕೊಂದು ಮಿತಿ ಹಾಕಿಕೊಂಡದ್ದು ಇಂದಿಗೂ ನಡೆಯುತ್ತಿದೆ. ಚಹಾ ಕುಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ದಿನವಿಡೀ ದುಡಿದು ಬರುವವರಿಗೆ ಬೇಕರಿಯ ಮುಂದೆ ಗೆಳೆಯರ ಜೊತೆ ನಿಲ್ಲುವ ಹತ್ತು ನಿಮಿಷ ದೊಡ್ಡದು, ಅದನ್ನು ಪೂರ್ತಿ ಕಿತ್ತುಕೊಂಡರೆ ಎರಡು ತಿಂಗಳಲ್ಲಿ ಎಲ್ಲ ವ್ರತವೂ ಮುರಿಯುತ್ತದೆ.

ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರ

ಶಿಕ್ಷಕಿಯವರ ಮಾತನ್ನು ಒಪ್ಪುತ್ತೇನೆ. ನಾನು ಬಡ್ಡಿಯನ್ನು ಮಾತ್ರ ನೋಡಿದೆ, ಜೂನ್ ತಿಂಗಳನ್ನು ನೋಡಲಿಲ್ಲ. ಕಂತಿಗೆ ಪರಿವರ್ತಿಸಿದ ದಿನವೇ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಆನ್‌ಲೈನ್ ಬಳಕೆಯನ್ನೂ ಅಂಗಡಿಗಳಲ್ಲಿನ ಬಳಕೆಯನ್ನೂ ನಿಲ್ಲಿಸಿ. ಖರೀದಿಯ ಆ್ಯಪುಗಳಲ್ಲಿ ಉಳಿಸಿಟ್ಟಿರುವ ಕಾರ್ಡಿನ ವಿವರವನ್ನೂ ಅಳಿಸಿ. ಬಾಕಿ ಪೂರ್ತಿ ತೀರಿದ ಮೇಲೆ ಕಾರ್ಡು ಮುಚ್ಚಲು ಅರ್ಜಿ ಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ.

ತುಮಕೂರಿನ ವ್ಯಾಪಾರಿ

ನಾನು ನಿಮ್ಮ ಭಾವನವರ ಸ್ಥಾನದಲ್ಲಿರುವವನು. ಹೆಂಡತಿಯ ತಮ್ಮನಿಗೆ 80,000 ಕೊಟ್ಟು ಎರಡು ವರ್ಷವಾಯಿತು. ಹಣ ತಡವಾದದ್ದಕ್ಕೆ ನನಗೆ ಬೇಸರವಿಲ್ಲ. ಅವನು ನಮ್ಮ ಮನೆಯ ಹಬ್ಬಕ್ಕೆ ಬರುವುದನ್ನು ನಿಲ್ಲಿಸಿದ, ಫೋನು ಮಾಡಿದರೆ ಎತ್ತುವುದಿಲ್ಲ, ಹೆಂಡತಿ ತವರಿನ ಮಾತು ಬಂದಾಗಲೆಲ್ಲ ನನ್ನ ಮುಖ ನೋಡಿ ಸುಮ್ಮನಾಗುತ್ತಾಳೆ. ಕೊಟ್ಟ ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಂಡಂತಾಗಿದೆ. ಬಡ್ಡಿಯಿಲ್ಲದ ಸಾಲವೆಂದು ಅದನ್ನು ಪಟ್ಟಿಯ ಕೊನೆಗೆ ಇಡುವುದು ಲೆಕ್ಕಕ್ಕೆ ಸರಿ, ಇಡಿ. ಆದರೆ ದಯವಿಟ್ಟು ಒಮ್ಮೆ ಅವರ ಮನೆಗೆ ಹೋಗಿ, ಇಂಥ ತಿಂಗಳಿನಿಂದ ಇಷ್ಟಿಷ್ಟು ಕೊಡುತ್ತೇನೆ ಎಂದು ಎದುರಿಗೆ ಕೂತು ಹೇಳಿ. ದಿನಾಂಕ ದೂರವಿದ್ದರೂ ಪರವಾಗಿಲ್ಲ.

ಹುಬ್ಬಳ್ಳಿಯ ಯುವತಿ

ಒಂದು ಮಾತು ಸೇರಿಸುತ್ತೇನೆ. ಇಂಥ ಬಿಗಿಯ ತಿಂಗಳುಗಳಲ್ಲೇ ಮೊಬೈಲಿಗೆ 'ಐದು ನಿಮಿಷದಲ್ಲಿ ಸಾಲ' ಎಂಬ ಸಂದೇಶಗಳು ಬರುತ್ತವೆ, ನಾನು ಹಾಗೆ ಸಿಕ್ಕಿಬಿದ್ದವಳು. ಆ್ಯಪಿನ ಹಿಂದೆ ಯಾವ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಇದೆ ಎಂದು ಹೇಳದವರಿಂದ, ವಾರ್ಷಿಕ ಒಟ್ಟು ವೆಚ್ಚವನ್ನು ತೋರಿಸುವ ಮುಖ್ಯಾಂಶ ಪತ್ರ ಕೊಡದವರಿಂದ, ಫೋನಿನಲ್ಲಿರುವ ಹೆಸರುಗಳ ಪಟ್ಟಿಗೆ ಅನುಮತಿ ಕೇಳುವವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಬ್ಯಾಂಕಿನ ಸಾಲವೇ ಆದರೂ ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮಾಡಿದರೆ ಮೊದಲು ಸಾಲ ಕೊಟ್ಟವರಿಗೇ ಲಿಖಿತ ದೂರು ಕೊಡಿ, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ಮೈಸೂರಿನ ಖಾಸಗಿ ನೌಕರ, ಜೂನ್

ಏಳು ತಿಂಗಳ ನಂತರ ಬರೆಯುತ್ತಿದ್ದೇನೆ. ಮಧ್ಯೆ ಮಧ್ಯೆ ವಿಚಾರಿಸಿದವರಿಗೆಲ್ಲ ನನ್ನ ಕೃತಜ್ಞತೆಗಳು.

ಕಾರ್ಡಿನ ಬಾಕಿಯನ್ನು 36 ತಿಂಗಳ ಕಂತಿಗೆ ಪರಿವರ್ತಿಸಿ, ಅಂದೇ ಅದರ ಬಳಕೆಯನ್ನು ನಿಲ್ಲಿಸಿದೆ. ವಾರಕ್ಕೆ 900ರ ಮಿತಿ ಮೊದಲ ತಿಂಗಳು ಎರಡು ಸಲ ಮುರಿಯಿತು, ಅನಂತರ ನಿಂತಿತು. ಆ್ಯಪಿನಲ್ಲಿ ದಿನಸಿ ತರಿಸುವುದನ್ನು ಬಿಟ್ಟು, ತಿಂಗಳ ಚೀಟಿ ಬರೆದು ಬೀದಿಯ ಕಿರಾಣಿ ಅಂಗಡಿಗೆ ಕೊಡುತ್ತಿದ್ದೇವೆ. ಅದರಲ್ಲಿ 700 ಉಳಿಯಿತು. ವಾರದಲ್ಲಿ ಮೂರು ದಿನ ಕೆಲಸಕ್ಕೆ ಸಹೋದ್ಯೋಗಿಯ ಗಾಡಿಯಲ್ಲಿ ಹೋಗಿ ಪೆಟ್ರೋಲಿನ ಖರ್ಚು ಹಂಚಿಕೊಳ್ಳುವುದರಿಂದ 1,000, ಟಿ.ವಿ. ಮತ್ತು ಇಂಟರ್ನೆಟ್ಟಿನ ಸಣ್ಣ ಯೋಜನೆಗಳಿಗೆ ಇಳಿದದ್ದರಿಂದ 500 ಉಳಿಯಿತು. ಕಾರ್ಡಿನ ಕಂತು ಮತ್ತು ಚಿಲ್ಲರೆ ಖರ್ಚು ಇಳಿದದ್ದೂ ಸೇರಿ, ಮೊದಲಿದ್ದ 4,289ರ ಕೊರತೆ ತುಂಬಿದ ಮೇಲೆ ತಿಂಗಳಿಗೆ 3,200 ಅಂಚೆ ಕಚೇರಿಯ ಖಾತೆಗೆ ಹೋಗತೊಡಗಿತು. ಏಪ್ರಿಲ್‌ನಲ್ಲಿ ಫೋನಿನ ಕಂತು ಮುಗಿದ ಮೇಲೆ ಅದೇ 2,600 ಸೇರಿಸಿ 5,800 ಹಾಕಿದೆ. ಬೇಕಿದ್ದ 6,750 ಇನ್ನೂ ಸಾಧ್ಯವಾಗಿಲ್ಲ.

ಈ ತಿಂಗಳ ಮೊದಲ ವಾರಕ್ಕೆ ಒಟ್ಟು 27,600 ಕೂಡಿತ್ತು. ಎರಡು ಮದುವೆಗಳ ಮುಯ್ಯಿಗೆ 2,500 ಹೋಯಿತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ಕೇಳಿಕೊಂಡಾಗ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಲು ಒಪ್ಪಿದರು. ಇಷ್ಟು ವರ್ಷ ಕೇಳಬಹುದೆಂದೇ ನನಗೆ ಹೊಳೆದಿರಲಿಲ್ಲ. ಮೊದಲ ಕಂತು 18,000, ಪುಸ್ತಕ ಸಮವಸ್ತ್ರ 7,000. ಎರಡನೆಯ ಕಂತು ಅಕ್ಟೋಬರ್‌ನಲ್ಲಿ, ಅದಕ್ಕೂ ಮೊದಲು ಜೀವವಿಮೆ ಮತ್ತು ಗೌರಿಹಬ್ಬ. ಅದರ ಲೆಕ್ಕ ಇನ್ನೂ ಕೂಡಿಬಂದಿಲ್ಲ, ಪತ್ನಿ ಹಬ್ಬದ ಬಟ್ಟೆಯನ್ನು ಮನೆಯಲ್ಲೇ ಹೊಲಿಯುವುದಾಗಿ ಹೇಳಿದ್ದಾಳೆ. ಕಾರ್ಡಿನ ಬಾಕಿ ಈಗ ಸುಮಾರು 1,16,600, ಬ್ಯಾಂಕ್ ಸಾಲ 1,66,000.

ತುಮಕೂರಿನವರ ಮಾತು ಮನಸ್ಸಿನಲ್ಲಿ ಕೂತಿತ್ತು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಮುಂದಿನ ಜನವರಿಯಿಂದ ತಿಂಗಳಿಗೆ 2,000ದಂತೆ ಕೊಡುತ್ತೇನೆಂದು ಭಾವನವರಿಗೆ ಹೇಳಿದೆ. ಅವರು ಆಗಲಿ ಎಂದು ತಲೆಯಾಡಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದರು. ಅಕ್ಕ ಒಳಗಿನಿಂದ ಎಲೆ ಹಾಕಿದ್ದೇನೆ ಎಂದು ಕೂಗಿದಳು.

ಶುಲ್ಕ ಕಟ್ಟಿ ಬಂದ ಸಂಜೆ ಅಂಚೆ ಕಚೇರಿಯ ಪಾಸ್‌ಬುಕ್ಕನ್ನು ಪತ್ನಿಯ ಕೈಗೆ ಕೊಟ್ಟೆ. ನಾವು ಜಮೆ ಮಾಡಿದ್ದರಲ್ಲಿ ಉಳಿದದ್ದು 100 ರೂಪಾಯಿ. ಅವಳು ಆ ಸಾಲನ್ನು ಎರಡು ಸಲ ನೋಡಿ, "ಕಾರ್ಡು ತೆಗೆಯಲಿಲ್ಲ ಅಲ್ಲವೇ?" ಎಂದು ಕೇಳಿದಳು. ಇಲ್ಲ ಎಂದೆ.